ದೊರೆಸಾನಿ ಕೊಂಡ ಹುಂಜ

ಆಗೆಲ್ಲ ಹಳೇಬೀಡಿಗೆ ಬರುತ್ತಿದ್ದ ಬಿಳಿಯರು ಈಗಿನವರಂತೆ ಫೋಟೊ ಹೊಡೆದು ಓಡುತ್ತಿರಲಿಲ್ಲ. ಎಪ್ಪತ್ತರ ದಶಕದ ಒಂದು ಡಿಸೆಂಬರಿನಲ್ಲಿ ಬಂದ ಗಂಡಹೆಂಡತಿಯಂತೂ ಮನೆಯನ್ನೇ ಕಟ್ಟಿಕೊಂಡು ಬಂದಿದ್ದರು. ವ್ಯಾನಿನೊಳಗೇ ಮಂಚ, ಸ್ಟೌವು, ಕಿಟಕಿಗೆ ಹೂವಿನ ಪರದೆ. ತಮ್ಮ ದೇಶದ ಪಕ್ಕದ ಸಣ್ಣ ಸಮುದ್ರವನ್ನು ಗಾಡಿ ಸಮೇತ ಹಡಗಿನಲ್ಲಿ ದಾಟಿ, ಅಲ್ಲಿಂದ ರಸ್ತೆಯಲ್ಲೇ ಬಂದವರಂತೆ. ಬಸದಿಯ ಪಕ್ಕ, ನಮ್ಮ ಮನೆಯೆದುರಿನ ಬಯಲಲ್ಲಿ ಬಿಡಾರ ಹೂಡಿದರು. ಅಪ್ಪ ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಬಸದಿ ತೋರಿಸಿ ಅವರ ಸ್ನೇಹ ಸಂಪಾದಿಸಿದರು.

ಅಜ್ಜಿಗೆ ಮಾತ್ರ ಅವರನ್ನು ಕಂಡರಾಗದು. "ತಿನ್ನಬಾರದ್ದು ತಿನ್ನೋರು, ಬಾವಿ ಹತ್ರ ಬಿಡಬೇಡಿ" ಎನ್ನುತ್ತಿದ್ದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದವರು. ಬಲೆ ಹಾಕುವವರು ಗೌಜಲ ಹಕ್ಕಿ ಮಾರಲು ಬಂದರೆ ಅಜ್ಜಿ ರಾಗಿ ಅಳೆದು ಕೊಟ್ಟು, ಹಕ್ಕಿಯನ್ನು ನನ್ನ ಕೈಯಿಂದಲೇ ಹಾರಿಸುತ್ತಿದ್ದರು. ಆ ಚಳಿಯಲ್ಲಿ ನಾನು ಮಲಗುತ್ತಿದ್ದುದು ಅವರ ರಗ್ಗಿನೊಳಗೆ, ಅವರ ಹೊಟ್ಟೆಗೆ ಕಾಲು ಒತ್ತಿಕೊಂಡು. ಅಮ್ಮನಿಗಿಂತ ನನಗೆ ಅಜ್ಜಿಯೇ ಹೆಚ್ಚು.

ಕ್ರಿಸ್‌ಮಸ್ ಹತ್ತಿರ ಬಂದಾಗ ದೊರೆಸಾನಿ ಹಬ್ಬದ ಸಾಮಾನಿಗೆಂದು ವ್ಯಾನಿನಲ್ಲಿ ಅರಸೀಕೆರೆಗೆ ಹೊರಟಳು. ರೈಲಿನವರ ಊರು, ಕೇಕು ಸಿಗುತ್ತದೆ ಎಂದು ಅಪ್ಪನೇ ಹೇಳಿದ್ದರು. ದಾರಿ ತೋರಿಸಲು ಅಪ್ಪ, ಅಪ್ಪನ ಬಾಲವಾಗಿ ನಾನು. ಜಾವಗಲ್ ದಾಟುವವರೆಗೂ ಮಂಚದ ಮೇಲೆ ಕುಣಿದೆ. ಕೇಕು, ಮೇಣದಬತ್ತಿ, ಬಣ್ಣದ ಕಾಗದವೆಲ್ಲ ಆದಮೇಲೆ ದೊರೆಸಾನಿ ಒಂದು ಕೆಂಪು ಹುಂಜ ಕೊಂಡು, ಕಾಲು ಕಟ್ಟಿ ನನ್ನ ಮಡಿಲಿಗೇ ಕೊಟ್ಟಳು. ಬೆಚ್ಚನೆಯ ಮೈ, ಒಳಗೆ ಡವಡವ.

"ಅಪ್ಪಾ, ಇದನ್ನ ಬಿಡೋಕಾ ತಗೊಂಡಿದ್ದು?"

ಬಿಳಿಯರ ಮುಂದೆ ನಾನು ಅತ್ತು ರಂಪ ಮಾಡಿಯೇನೆಂದು ಅಪ್ಪನಿಗೆ ಅಳುಕು. "ಹೂಂ ಕಣೇ. ಸುಮ್ನೆ ಕೂತ್ಕೋ" ಎಂದರು.

ನಂಬಿದೆ. ನಮ್ಮ ಮನೆಯಲ್ಲಿ ಜೀವ ಕೊಳ್ಳುತ್ತಿದ್ದುದೇ ಬಿಡುವುದಕ್ಕೆ.

"ಅವರೂ ನಮ್ಮಂಗೇ ಅಜ್ಜಿ, ಹಬ್ಬಕ್ಕೆ ಹುಂಜ ಬಿಡಿಸ್ಕೊಂಡ್ ಬಂದವ್ರೆ" ಎಂದು ಮನೆಗೆ ಬಂದವಳೇ ಹೇಳಿದೆ. ಅಪ್ಪ ಕೇಳಿಸದವರಂತೆ ಹಿತ್ತಲಿಗೆ ನಡೆದರು. "ಯಾರ ಒಳಗೆ ಏನೈತೋ. ನಾನೇ ಸುಮ್ಸುಮ್ನೆ ಆಡ್ಕೊಂಡೆ" ಎಂದು ಅಜ್ಜಿ ನೊಂದುಕೊಂಡರು.

ಹಬ್ಬದ ದಿನ ಅಜ್ಜಿ ಒಬ್ಬಟ್ಟು ತಟ್ಟಿದರು. ಬಿಳಿಯರಿಗೆ ಒಂದು ತಟ್ಟೆ ಒಬ್ಬಟ್ಟು, ಹುಂಜಕ್ಕೆ ಸೆರಗಿನಲ್ಲಿ ನುಚ್ಚು. ನನ್ನ ಕೈ ಹಿಡಿದು ತಾವೇ ಬಯಲಿಗೆ ಬಂದರು. ವ್ಯಾನಿನ ಹಿಂದೆ ಕೆಂಪು ಪುಕ್ಕ ಚೆಲ್ಲಾಡಿತ್ತು. ದೊರೆಸಾನಿ ಬಾಗಿಲು ತೆರೆದಾಗ ಬೇಯುವ ವಾಸನೆ ಮುಖಕ್ಕೆ ಬಡಿಯಿತು. ಪಾಪ, ಅವಳು ಸಂಭ್ರಮದಿಂದ ತಟ್ಟೆ ಇಸಿದುಕೊಂಡು, ಒಳಗೆ ಬನ್ನಿರೆಂದು ಅಜ್ಜಿಯ ಕೈ ಹಿಡಿದಳು.

ಅಜ್ಜಿ ಕೈ ಬಿಡಿಸಿಕೊಂಡರು. ಮನೆಗೆ ಬಂದು ನನ್ನನ್ನು ಬಾವಿಕಟ್ಟೆಯಲ್ಲಿ ಕೂರಿಸಿ, ಉಸಿರು ಕಟ್ಟುವಷ್ಟು ನೀರು ಹುಯ್ದರು.

"ಕೊಲ್ಲೋಕೆ ತೊಡೆ ಮೇಲೆ ಇಟ್ಕೊಂಡ್ ತಂದು, ನನ್ನತ್ರ ಸುಳ್ಳು ಬೇರೆ ಹೇಳ್ದೆ."

"ಅಪ್ಪನೇ ಅಂದ್ರು ಅಜ್ಜಿ, ಬಿಡೋಕೆ ಅಂತ."

ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದರು.

"ನಾನೆಲ್ಲಿ ಅಂದೆ? ಮಗು ತಾನೇ ಏನೋ ಅಂದ್ಕೊಂಡೈತೆ" ಎಂದರು ಅಪ್ಪ.

ಆ ರಾತ್ರಿ ರಗ್ಗಿನ ಅಂಚು ಎತ್ತಿದೆ. "ನಿಮ್ಮಮ್ಮನ ಹತ್ರ ಹೋಗು" ಎಂದು ಅಜ್ಜಿ ಗೋಡೆಗೆ ತಿರುಗಿದರು. ಕಾಲು ಹಿಡಿದು ಅತ್ತೆ, ಕರಗಲಿಲ್ಲ. ಆಮೇಲೆ ಹಕ್ಕಿ ಹಾರಿಸಿದ್ದೆಲ್ಲ ನನ್ನ ತಮ್ಮ. ಅವರ ದಯೆಯೆಲ್ಲ ಹಕ್ಕಿಪಕ್ಷಿಗೇ ಖರ್ಚಾಗಿ ಮೊಮ್ಮಗಳಿಗೆ ಏನೂ ಉಳಿದಿರಲಿಲ್ಲ. ಇದನ್ನು ಈಗಲೂ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಎಲ್ಲರ ಬಾಲ್ಯವೂ ಮುಗಿಯುತ್ತದೆ, ಮೆಲ್ಲಗೆ. ನನ್ನದು ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಆ ಬಯಲಲ್ಲಿ ಈಗ ಟೂರಿಸ್ಟ್ ಬಸ್ಸುಗಳು ನಿಲ್ಲುತ್ತವೆ. ಅಜ್ಜಿ ಹೋಗಿಯೂ ಬಹಳ ಕಾಲವಾಯಿತು. ಕೊನೆಗೆ ಅನ್ನ ಬಿಟ್ಟು ಬರೀ ನೀರಿನ ಮೇಲಿದ್ದರು. ಆಗ ನಾನೂ ಎರಡು ಮಕ್ಕಳ ತಾಯಿ. ಊರಿಗೆ ಹೋಗಿ, ತಲೆಗೆ ಕೈ ಆನಿಸಿ, ಲೋಟ ಬಾಯಿಗೆ ಹಿಡಿದೆ. ಅಜ್ಜಿ ಕಣ್ಣು ಬಿಟ್ಟು, ಯಾರೆಂದು ನೋಡಿ, ತುಟಿ ಬಿಗಿದುಕೊಂಡರು. ಅಪ್ಪ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಅವರ ಕೈಯಿಂದ ಅಜ್ಜಿ ಅದೇ ನೀರು ಕುಡಿದರು.