ಖಾಲಿ ಗಾಡಿ ತುಂಬಿಸುವ ಅಪೊಂಡಿಯಮ್ಮ

ಸಾರಿಗೆ ಪ್ರಾಧಿಕಾರದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪೊಂಡಿಯಮ್ಮನನ್ನು ನೋಡಿ ಒಡೆರಾನ ಕರುಳು ಚುರುಕ್ಕೆಂದಿತ್ತು. ಕಿಸುಮು ನಿಲ್ದಾಣದಲ್ಲಿ ಯಾವ ಮಟಾಟು ವ್ಯಾನು ಹತ್ತಿದರೂ, ಅದು ಹೊರಡುವ ಹೊತ್ತಿಗೆ ಆಕೆ ಇಳಿದುಬಿಡುತ್ತಿದ್ದಳು. ಪಾಪ, ಗಾಡಿ ಅಲುಗಿದರೆ ವಾಂತಿ ಬರುತ್ತದೇನೋ ಎಂದುಕೊಂಡ ಆ ಪದವೀಧರ, ಒಂದು ನಿಂಬೆಹಣ್ಣು ತಂದು ಕಿಟಕಿಯೊಳಗೆ ಚಾಚಿದ.

'ಇದನ್ನ ಮೂಸ್ತಾ ಕೂತ್ಕೊಳ್ಳಿ ಅಮ್ಮಾ. ಅಹೇರೋವರೆಗೂ ಆರಾಮಾಗಿ ಹೋಗ್ಬಹುದು.'

ಕಂಡಕ್ಟರ್ ಒಗೋಲಾ ಬಾಗಿಲಿಗೆ ಜೋತುಬಿದ್ದು ನಕ್ಕ. 'ಲೋ ಆಫೀಸು, ಆಯಮ್ಮ ಅಹೇರೋಗೆ ಹೋಗ್ಬಿಟ್ರೆ ಮುಂದಿನ ಗಾಡಿಗೆ ನಿಮ್ಮಪ್ಪ ಬಂದು ಕೂರ್ತಾನಾ?'

ಕೂರುವುದೇ ಆಕೆಯ ಕಸುಬು. ತುಂಬದೆ ಮಟಾಟು ಹೊರಡುವುದಿಲ್ಲ, ಖಾಲಿ ಮಟಾಟು ಯಾರೂ ಹತ್ತುವುದಿಲ್ಲ. ಹಿಂದೆ ಆಕೆ ಹುರಿದ ಮೀನು ಮಾರುತ್ತಿದ್ದಳು. ಒಮ್ಮೆ ಬಿಸಿಲು ತಾಳಲಾರದೆ ಖಾಲಿ ಗಾಡಿಯಲ್ಲಿ ಕೂತವಳಿಗೆ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ಗಾಡಿ ಭರ್ತಿ! ಅಂದಿನಿಂದ ಕಂಡಕ್ಟರುಗಳು ಆಕೆಯನ್ನು ಬಿಡಲಿಲ್ಲ, ಗಾಡಿಗಿಷ್ಟು ಎಂದು ಕಾಸು ಕೊಟ್ಟು ಕೂರಿಸಿಕೊಂಡರು. 'ಮೀನಿಗಿಂತ ಇದೇ ವಾಸಿ, ಸಂಜೆಗೆ ನಾರಲ್ಲ' ಎನ್ನುತ್ತಿದ್ದಳು. ಮಡಿಲಲ್ಲಿ ಚೀಲ, ಮುಖದಲ್ಲಿ ಬೀಗರ ಮನೆಯ ಸಾವಿಗೆ ಹೊರಟವಳ ಅವಸರ. ನೋಡಿದವರಿಗೆ ತಾವೇ ತಡಮಾಡಿದೆವೇನೋ ಅನಿಸಬೇಕು. ಮಗಳು ಬಿಟ್ಟುಹೋದ ಇಬ್ಬರು ಮೊಮ್ಮಕ್ಕಳ ಉಗಾಲಿ ಮುದ್ದೆ, ಸೊಪ್ಪು ಇದರಿಂದಲೇ ನಡೆಯುತ್ತಿತ್ತು.

ಅದಕ್ಕೆ ಕುತ್ತು ಬಂದದ್ದು ಒಡೆರಾನ ಆಫೀಸಿನಿಂದ. ಅಲ್ಲಿ ಮೇಲಿನ ಮಹಡಿಯವರು ಯಾವ ಗಾಡಿ ಯಾವ ದಾರಿಯಲ್ಲಿ ಓಡಬೇಕೆಂದು ಗೆರೆ ಎಳೆಯುತ್ತಾರೆ. ನಡುವಿನವರು ಪರವಾನಗಿ ಕೊಡುತ್ತಾರೆ, ಕೆಳಗಿನವರು ದಂಡ ಹಾಕುತ್ತಾರೆ. ಎಲ್ಲಕ್ಕೂ ತಲೆಯಾಡಿಸಲು ಸುತ್ತಲ ಕೌಂಟಿಗಳಿಂದ ಬಂದ ಒಂದು ಮಂಡಳಿ. ಒಡೆರಾನದು ಮೆಟ್ಟಿಲ ಮೇಲಿನ ಹುದ್ದೆ: ಯಾರು ಕೂಗಿದರೂ ಓಡಬೇಕು. ಈಗ ಮೇಲಿನವರಿಗೆ ಹೊಸದೊಂದು ಹೊಳೆದಿತ್ತು. ಅಹೇರೋ ದಾರಿಯ ಗಾಡಿಗಳು ತುಂಬಲಿ ಬಿಡಲಿ, ಗಡಿಯಾರ ನೋಡಿ ಹೊರಡಬೇಕು. ಆದರೆ ಕಾನೂನಿನಂತೆ ಮೊದಲು ಸಾರ್ವಜನಿಕರನ್ನು ಕೇಳಬೇಕು.

ಸಭೆ ಹತ್ತು ಗಂಟೆಗೆ ಎಂದಿತ್ತು. ಹತ್ತಾದರೂ ಸಭಾಂಗಣದಲ್ಲಿ ಕುರ್ಚಿಗಳದ್ದೇ ಸಭೆ. ಜನ ಬಾಗಿಲಲ್ಲಿ ಇಣುಕಿ, ಒಳಗೆ ಯಾರೂ ಇಲ್ಲವೆಂದು ಹಿಂದಿರುಗುತ್ತಿದ್ದರು. ನಿರ್ದೇಶಕ ವಾಂಡಿಗಾ ಸಾಹೇಬರು ಒಡೆರಾನನ್ನು ಮೂಲೆಗೆ ಕರೆದರು.

'ಸಾರ್ವಜನಿಕರು ಎಲ್ಲಯ್ಯಾ?'

'ಬರ್ತಾ ಇದಾರೆ ಸಾರ್.'

'ಬರದಿದ್ರೆ ನಾಳೆಯಿಂದ ನೀನೂ ಸಾರ್ವಜನಿಕನೇ.'

ಒಡೆರಾ ನಿಲ್ದಾಣಕ್ಕೆ ಓಡಿದ. ಅಪೊಂಡಿಯಮ್ಮ ಕಡಲೆಕಾಯಿ ಬಿಡಿಸುತ್ತಾ ಕೇಳಿದಳು: 'ನನ್ನ ಅನ್ನಕ್ಕೆ ಮಣ್ಣು ಹಾಕೋ ಸಭೆಗೆ ನಾನೇ ಬಂದು ಕೂರ್ಬೇಕಾ ಮಗಾ?'

'ನನ್ನ ಅನ್ನಾನೂ ಅದ್ರಲ್ಲೇ ಇದೆ ಅಮ್ಮಾ.'

'ಇಬ್ರದ್ದೂ ಒಂದೇ ತಟ್ಟೆ ಅನ್ನು. ನಡಿ.'

ಎರಡನೆಯ ಸಾಲಿನಲ್ಲಿ, ಬಾಗಿಲಿಂದ ಕಾಣುವ ಹಾಗೆ, ಚೀಲ ಮಡಿಲಲ್ಲಿಟ್ಟು ಕೂತಳು. ಮುಖದಲ್ಲಿ ಅದೇ ಅವಸರ. ಇಣುಕಿದವರು ಒಳಗೆ ಬಂದರು, ಬಂದವರನ್ನು ಕಂಡು ಇನ್ನಷ್ಟು ಜನ ಬಂದರು. ಊಟದ ಹೊತ್ತಿಗೆ ಸಭೆ ಶುರುವಾಯಿತು.

ಗಾಡಿಗಳು ಹೊತ್ತಿಗೆ ಸರಿಯಾಗಿ ಹೊರಡುವ ಸೊಗಸನ್ನು ಸಾಹೇಬರು ಬಣ್ಣಿಸುತ್ತಿದ್ದಂತೆ ಅಪೊಂಡಿಯಮ್ಮ ಎದ್ದು, ಹಾಗಾದರೆ ತನ್ನ ಕೆಲಸದ ಗತಿಯೇನು ಎಂದಳು. ಏನು ಕೆಲಸವೆಂದು ಅವರು ಕೇಳಿದರು. ಆಕೆ ಹೇಳಿದಳು. ಮಂಡಳಿಯವರು ಮುಸಿಮುಸಿ ನಕ್ಕರು. ಒಡೆರಾ ಕಂಬದ ಹಿಂದೆ ಸರಿದ.

ಸಾಹೇಬರ ಹುಬ್ಬು ಗಂಟಿಕ್ಕಿತು. 'ಹೋಗೋರ ಥರ ನಟಿಸಿ ಜನರನ್ನ ಕೂರಿಸ್ತೀರಲ್ಲಾ, ನಾಚಿಕೆ ಆಗಲ್ವೇನಮ್ಮಾ?'

'ಮಟಾಟುನಲ್ಲಿ ಆಗಲ್ಲ ಸಾಹೇಬ್ರೇ, ಅದು ತುಂಬಿದ ಮೇಲಾದ್ರೂ ಹೊರಡುತ್ತೆ. ಇವತ್ತು ಆಯ್ತು. ಹತ್ತಕ್ಕೆ ಅಂದಿದ್ದ ಈ ಸಭೆ ತುಂಬ್ಸೋಕೆ ನಿಮ್ಮೋರೇ ನನ್ನ ಕರ್ಕೊಂಡ್ಬಂದು ಕೂರ್ಸಿದ್ರು.'