ಕಣ್ಣಿಗೊತ್ತಿಕೊಂಡ ದ್ರಾಕ್ಷಿ

ಬೆಂಗಳೂರಿನ ವಿಜಯನಗರದ ನಮ್ಮ ಬೀದಿಯಲ್ಲಿ ಮೊದಲು ಕುಡಿಯುವವರಿಗೂ ಒಂದು ಮರ್ಯಾದೆ ಇತ್ತು. ತಲೆಗೆ ಟವೆಲ್ ಸುತ್ತಿಕೊಂಡು ಹೋಗಿ, ಬಾಟಲಿಯನ್ನು ನ್ಯೂಸ್‌ಪೇಪರಿನಲ್ಲಿ ಮುಚ್ಚಿಕೊಂಡು, ಹಿತ್ತಲ ಬಾಗಿಲಿಂದ ಮನೆ ಸೇರುತ್ತಿದ್ದರು. ಈಗ ಅದೇ ಜನ ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು, ಟೋಪಿ ಹಾಕಿಕೊಂಡು, ಕಾರು ಹತ್ತಿ ವೈನ್ ಟೂರಿಗೆ ಹೋಗುತ್ತಾರೆ. ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಏಕಾದಶಿ ತಪ್ಪಿಸದ ಮನುಷ್ಯ. ಗ್ಲಾಸಿನೊಳಗೆ ಮೂಗು ತೂರಿಸಿ ಕೂತ ತನ್ನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ. ಮರುದಿನ ಹಾಲಿನ ಬೂತಿನ ಹತ್ತಿರ ಸಿಕ್ಕಿ, ಇದು ಕುಡಿತವಲ್ಲ, ಸಂಸ್ಕೃತಿ ಎಂದು ನನಗೆ ಪಾಠ ಹೇಳಿದ. ಟವೆಲ್ಲಿನ ಕಾಲದಲ್ಲಿ ಅವನ ಮೇಲೆ ನನಗೆ ಇದಕ್ಕಿಂತ ಹೆಚ್ಚು ಗೌರವವಿತ್ತು.

ದ್ರಾಕ್ಷಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆಂಗೇರಿಯಾಚೆ ನಮ್ಮಪ್ಪನಿಗೆ ಒಂದೂವರೆ ಎಕರೆ ಕಪ್ಪು ದ್ರಾಕ್ಷಿಯ ಚಪ್ಪರವಿತ್ತು. ದಪ್ಪ ಸಿಪ್ಪೆ, ಒಳಗೆ ಬೀಜ, ಸಿಹಿಯ ಹಿಂದೆಯೇ ಹುಳಿ. ರೋಗ ತಗಲದಂತೆ ಮೈಲುತುತ್ತಕ್ಕೆ ಸುಣ್ಣ ಕಲಸಿ ಬಳ್ಳಿಗೆ ಹೊಡೆದು ಹೊಡೆದು ಅಪ್ಪನ ಉಗುರುಗಳು ನೀಲಿಗಟ್ಟಿದ್ದವು. ಒಳ್ಳೆಯ ಗೊಂಚಲು ಮಾರ್ಕೆಟ್ಟಿಗೆ ಹೋಗುತ್ತಿತ್ತು, ಒಡೆದದ್ದು ಉದುರಿದ್ದೆಲ್ಲ ವೈನ್ ಫ್ಯಾಕ್ಟರಿಯ ಲಾರಿಗೆ. ವೈನ್ ಎಂದರೆ ಆಗ ನಮ್ಮ ಮಟ್ಟಿಗೆ ಇಷ್ಟೇ, ಯಾರಿಗೂ ಬೇಡವಾದದ್ದನ್ನು ಒಯ್ಯುವ ಲಾರಿ.

ಆದರೆ ಆ ಉದುರಿದ ಹಣ್ಣಿಗೂ ಅಪ್ಪನ ಹತ್ತಿರ ಬೆಲೆಯಿತ್ತು. ಚಪ್ಪರದ ಕೆಳಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವಂತಿರಲಿಲ್ಲ. ಬರಿಗಾಲಿಗೆ ಒಂದೇ ಒಂದು ಹಣ್ಣು ಸಿಕ್ಕಿದರೂ ಬಗ್ಗಿ, ಅದನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು. ಅನ್ನಕ್ಕೋ ಪುಸ್ತಕಕ್ಕೋ ಕಾಲು ತಗಲಿದರೆ ಎಲ್ಲರೂ ಮಾಡುತ್ತಾರಲ್ಲ, ಹಾಗೆ. ಮರೆತರೆ ತಲೆಯ ಮೇಲೆ ಮೊಟಕುತ್ತಿದ್ದರು. ಅಪ್ಪ ಹೋದ ಮೇಲೆ ಆ ಜಮೀನನ್ನು ಲೇಔಟಿನವರಿಗೆ ಮಾರಿದವನು ನಾನೇ. ಬಾಡಿಗೆಗಿದ್ದ ಈ ಮನೆಯನ್ನು ಕೊಂಡದ್ದು ಅದೇ ದುಡ್ಡಿನಲ್ಲಿ. ಹಾಗಾಗಿ ಇವರನ್ನೆಲ್ಲ ಬೈಯುವಾಗ ನನ್ನನ್ನೂ ಸೇರಿಸಿಕೊಂಡೇ ಬೈಯುತ್ತೇನೆ.

ನನ್ನ ತಂಗಿಯ ಮಗಳು ಜ್ಞಾನಭಾರತಿಯಲ್ಲಿ ಓದಿ, ಎರಡು ವರ್ಷ ಕೆಲಸಕ್ಕೆ ಅಲೆದು, ಕೊನೆಗೆ ಮೈಸೂರು ರಸ್ತೆಯ ಕಡೆಯ ಒಂದು ಹೊಸ ವೈನರಿಯಲ್ಲಿ ಗೈಡ್ ಆಗಿ ಸೇರಿಕೊಂಡಳು. ತಂಗಿಗೆ ಗಂಡನಿಲ್ಲ. ಗೋವಿಂದರಾಜನಗರದ ಅವರ ಬಾಡಿಗೆ ಮನೆ ನಡೆಯುವುದು ಈ ಹುಡುಗಿಯ ಸಂಬಳದಲ್ಲೇ. ಒಂದು ಸಂಜೆ ಬಂದವಳು ಕಾಫಿ ಮುಟ್ಟದೆ ಕೂತಳು. ವೈನರಿಯಲ್ಲಿ ಗೈಡುಗಳು ಇಬ್ಬರಂತೆ, ಆರು ತಿಂಗಳಾದ ಮೇಲೆ ಒಬ್ಬರನ್ನು ಮಾತ್ರ ಖಾಯಂ ಮಾಡುತ್ತಾರಂತೆ. ಬರುವವರಿಗೆ ನಿಜವಾದ ದ್ರಾಕ್ಷಿ ಬೆಳೆಗಾರನನ್ನು ತೋರಿಸಿದರೆ ತನ್ನ ಟೂರಿಗೆ ಒಳ್ಳೆಯ ಹೆಸರು ಬರುತ್ತದೆ ಎಂಬುದು ಅವಳ ಲೆಕ್ಕ.

“ಒಂದೇ ಒಂದು ಭಾನುವಾರ ಬನ್ನಿ ಮಾವ,” ಎಂದಳು. “ನೀವೇನೂ ಮಾತಾಡ್ಬೇಡಿ, ಸುಮ್ನೆ ನಿಂತ್ಕೊಳ್ಳಿ ಸಾಕು.”

ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದೆ. ಅಲ್ಲಿಂದ ಅವರದೇ ವ್ಯಾನು. ವೈನರಿಯ ಗೇಟಿನ ಹತ್ತಿರ ನಾಲ್ಕು ಸಾಲು ಬಳ್ಳಿ, ಅವೂ ನರ್ಸರಿಯ ಚೀಟಿ ಬಿಚ್ಚದವು. ಮರದ ಪೀಪಾಯಿಗಳೆಲ್ಲ ಖಾಲಿ, ಒಂದರಲ್ಲಿ ಪೇಪರ್ ಕಪ್ ಎಸೆದಿದ್ದರು. ವೈನ್ ಬರುವುದು ಬೇರೆಲ್ಲಿಂದಲೋ ಎಂದು ವ್ಯಾನಿನ ಡ್ರೈವರ್ ದಾರಿಯಲ್ಲೇ ಹೇಳಿದ್ದ. ನನ್ನ ತಲೆಗೆ ಒಂದು ಜರತಾರಿ ಪೇಟ ಇಟ್ಟರು. ನಮ್ಮಪ್ಪ ತಮ್ಮ ಮದುವೆಯ ದಿನ ಬಿಟ್ಟರೆ ಪೇಟ ಕಟ್ಟಿದವರಲ್ಲ. ಇವರ ವಂಶ ಐದು ತಲೆಮಾರಿನಿಂದ ಇದೇ ಮಣ್ಣಿನಲ್ಲಿ ದ್ರಾಕ್ಷಿ ಬೆಳೆಯುತ್ತಿದೆ ಎಂದು ನನ್ನತ್ತ ಕೈತೋರಿಸಿ ಆ ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ, ನಾನು ಕೋಲೆಬಸವನ ಹಾಗೆ ತಲೆಯಾಡಿಸುತ್ತ ನಿಂತಿದ್ದೆ.

ಬಂದವರು ಇಪ್ಪತ್ತು ಇಪ್ಪತ್ತೈದು ಮಂದಿ. ಗ್ಲಾಸು ತಿರುಗಿಸಿದರು, ಮೂಸಿದರು, ಬೆಳಕಿಗೆ ಹಿಡಿದು ನೋಡಿದರು. ರಾಜಾಜಿನಗರದ ಕಡೆಯ ಒಬ್ಬ ಯುವಕ ಗೆಳೆಯನ ಕಿವಿಯಲ್ಲಿ, “ಗುರು, ಕೆಮ್ಮಿನ ಔಷಧಿ ಥರ ಇದೆ ಕಣೋ,” ಎಂದ. ಮರುಕ್ಷಣ ಮೊಬೈಲಿನ ಕ್ಯಾಮರಾ ಎದುರು ಕಣ್ಣುಮುಚ್ಚಿ, ಇಂಥದ್ದು ಕುಡಿದೇ ಇಲ್ಲ ಎಂದ. ಮೂರನೇ ಗ್ಲಾಸಿನ ಹೊತ್ತಿಗೆ ಎಲ್ಲರೂ ಕುಣಿಯತೊಡಗಿದರು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದರೆ ಕೇಳಬೇಕೆ?

ಆಮೇಲೆ ದ್ರಾಕ್ಷಿ ತುಳಿಯುವ ಆಟ. ಅಗಲವಾದ ಮರದ ತೊಟ್ಟಿಗೆ ಕ್ರೇಟುಗಟ್ಟಲೆ ಹಣ್ಣು ಸುರಿದರು. ನೋಡಿದರೆ ನಮ್ಮ ಚಪ್ಪರದ್ದೇ ಜಾತಿಯ ಕಪ್ಪು ದ್ರಾಕ್ಷಿ. ಗೊಂಚಲುಗಳು ಗಟ್ಟಿಯಾಗಿದ್ದವು, ಮಾರ್ಕೆಟ್ಟಿಗೆ ಹೋಗಬೇಕಾದ ಮಾಲು. ಇದು ವೈನಿಗೆ ಹೋಗುತ್ತದೆಯೇ ಎಂದು ಹುಡುಗಿಯನ್ನು ಮೆಲ್ಲಗೆ ಕೇಳಿದೆ.

“ಇಲ್ಲ ಮಾವ, ಇದು ಬರೀ ಫೋಟೋಗೆ,” ಎಂದಳು ತಲೆತಗ್ಗಿಸಿ. “ಆಮೇಲೆ ಹಿಂದ್ಗಡೆ ಗುಂಡಿಗೆ ಸುರೀತಾರೆ.”

ಮೊದಲ ಹೆಜ್ಜೆ ನಾನೇ ಇಡಬೇಕೆಂದು ಮ್ಯಾನೇಜರ್ ಕೈತೋರಿಸಿದ. ಅಲ್ಲಿಂದ ಹೊರಟುಬಿಡುವಷ್ಟು ಸಿಟ್ಟು ಬಂದಿತ್ತು. ಹುಡುಗಿಯ ಕಡೆ ನೋಡಿದೆ. ಕುತ್ತಿಗೆಯಲ್ಲಿದ್ದ ಐಡಿ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಪಂಚೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದೆ.

ಕಾಲಡಿಯಲ್ಲಿ ಹಣ್ಣು ಪಟಪಟ ಒಡೆಯಿತು. ನಾನು ಯೋಚಿಸಿ ಮಾಡಿದ್ದಲ್ಲ, ಬೆನ್ನು ತಾನೇ ಬಗ್ಗಿತು. ಎರಡೂ ಕೈಯಿಂದ ಹಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹುಳಿರಸ ಕಣ್ಣಿಗೆ ಹೋಗಿ ಉರಿದು ನೀರು ಬಂತು. ನಾನು ಅಳುತ್ತಿದ್ದೇನೆಂದು ಅವರು ತಿಳಿದರು. ಅತ್ತೆನೋ ಏನೋ, ನನಗೂ ಗೊತ್ತಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಮ್ಯಾನೇಜರ್ ಓಡಿಬಂದ.

“ಸೂಪರ್ ಸಾರ್. ಬಿಸಿಲು ಅಡ್ಡ ಬಂತು, ಈ ಕಡೆ ತಿರುಗಿ ಇನ್ನೊಂದ್ಸಲ ಮಾಡಿ.”

ಮಾಡಿದೆ. ಮೊದಲನೆಯದು ಅಪ್ಪ ಕಲಿಸಿದ್ದು, ಎರಡನೆಯದು ನಾನು ಮಾರಿದ್ದು. ಜಮೀನಿನ ನಂತರ ಮಾರಲು ಅದೊಂದು ಉಳಿದಿತ್ತು.

ಹುಡುಗಿಯ ಕೆಲಸ ಖಾಯಂ ಆಯಿತು. ಮೈಸೂರು ಪಾಕ್ ತಂದು ಕಾಲಿಗೆ ನಮಸ್ಕಾರ ಮಾಡಿದಳು. ತಂಗಿ ಎಷ್ಟೋ ದಿನದ ಮೇಲೆ ನಕ್ಕಳು, ನನಗೂ ಸಂತೋಷವಾಯಿತು, ಸುಳ್ಳು ಹೇಳಲಾರೆ. ಈಗ ಆ ವೈನರಿಯಲ್ಲಿ ಭಾನುವಾರ ಬಂದವರೆಲ್ಲ ತೊಟ್ಟಿಗಿಳಿದು, ಕುಣಿದು, ಕೊನೆಗೆ ದ್ರಾಕ್ಷಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಟಿಕೆಟ್ಟಿನ ಮೇಲೆ ಅದಕ್ಕೆ ‘ದ್ರಾಕ್ಷಿ ವಂದನೆ’ ಎಂದು ಹೆಸರಿಟ್ಟಿದ್ದಾರೆ. ಎದುರು ಮನೆಯ ಬ್ಯಾಂಕಿನವನು ತಾನು ವಂದಿಸಿದ ವಿಡಿಯೊ ತೋರಿಸಿ, ಇದು ದ್ರಾಕ್ಷಿ ಬೆಳೆಯುವವರ ಪುರಾತನ ಆಚರಣೆ, ನಿಮಗೆ ಗೊತ್ತಿರಲಿಕ್ಕಿಲ್ಲ ಎಂದ. ಗೊತ್ತಿಲ್ಲ ಎಂದೆ.

ಹೋದ ವಾರ ಗಾಡಿಯವಳ ಹತ್ತಿರ ಕಪ್ಪು ದ್ರಾಕ್ಷಿ ತಂದು ಅಡುಗೆಮನೆಯಲ್ಲಿ ತೊಳೆಯುತ್ತಿದ್ದೆ. ಒಂದು ಹಣ್ಣು ಜಾರಿ ಬಿದ್ದು ಕಾಲಿಗೆ ಸಿಕ್ಕಿ ಒಡೆಯಿತು. ಬಗ್ಗಿ ಮುಟ್ಟಿದೆ. ಕೈ ಕಣ್ಣಿನವರೆಗೆ ಬರಲಿಲ್ಲ, ಯಾರಾದರೂ ನೋಡುತ್ತಿದ್ದಾರೇನೋ ಎಂದು ಅರ್ಧಕ್ಕೇ ನಿಂತಿತು. ಮನೆಯಲ್ಲಿ ಯಾರೂ ಇರಲಿಲ್ಲ. ಹಣ್ಣನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದೆ.