ಹನ್ನೊಂದಿರುವ ಮನೆಗೆ ಹನ್ನೆರಡನೆಯದು

ನನ್ನ ಹೆಂಡತಿ ದಾನಮ್ಮನಿಗೆ ಸೀರೆಯ ಹುಚ್ಚಿಲ್ಲ, ಬಂಗಾರದ ಹುಚ್ಚಿಲ್ಲ ಎಂದು ಮದುವೆಯ ಹೊಸದರಲ್ಲಿ ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡವನು ನಾನೇ. ಈಗ ಮುಧೋಳದ ನಮ್ಮ ಮನೆಯಲ್ಲಿ ಹನ್ನೊಂದು ಹಳೆಯ ಲ್ಯಾಪ್‌ಟಾಪುಗಳಿವೆ. ಒಂದರ ಬ್ಯಾಟರಿಯೂ ಬದುಕಿಲ್ಲ. ಕರೆಂಟು ಹೋದರೆ ಎಲ್ಲವೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ಆಗ ಅವಳು ಕರೆಂಟಿನವರಿಗೆ ಹಾಕುವ ಶಾಪವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇದರ ಮೂಲ ಇರುವುದು ೧೯೯೯ರಲ್ಲಿ. ಆಗಷ್ಟೇ ಅವಳು ಇಲ್ಲಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿ ಸೇರಿದ್ದಳು. ಸಂಘದ ಮ್ಯಾನೇಜರು ಪುಣೆಯಿಂದ ಕರಿಯ, ದಪ್ಪನೆಯ ಲ್ಯಾಪ್‌ಟಾಪು ತಂದರು. ಕರೆಂಟು ಹೊಡೆದೀತೆಂದು ದಾನಮ್ಮ ರಬ್ಬರ್ ಚಪ್ಪಲಿ ಹಾಕಿಕೊಂಡೇ ಅದರ ಮುಂದೆ ಕುಳಿತಳಂತೆ. ಕೀಲಿಗಳ ನಡುವೆ ಕುಂಕುಮದ ಬೊಟ್ಟಿನಷ್ಟು ಕೆಂಪು ಗುಂಡಿ. ಬೆರಳಿಂದ ಒತ್ತಿದತ್ತ ಪರದೆಯ ಮೇಲಿನ ಬಾಣ ಓಡುತ್ತಿತ್ತು. ಸಂಜೆಯ ಹೊತ್ತಿಗೆ ಚಪ್ಪಲಿ ಎಲ್ಲೋ, ಅವಳೆಲ್ಲೋ. ಹತ್ತು ವರ್ಷದ ಮೇಲೆ, ಅವಳು ಹೆರಿಗೆ ರಜೆಯಲ್ಲಿದ್ದಾಗ, ಸಂಘದವರು ಅದನ್ನು ಗುಜರಿಗೆ ಹಾಕಿಬಿಟ್ಟರು. ಕೂಸಿನ ಪೇಡೆ ಹಂಚಲು ಆಫೀಸಿಗೆ ಹೋದವಳು ಅಳುತ್ತ ಮನೆಗೆ ಬಂದಳು. ಬಾಣಂತಿಯ ಮನಸ್ಸು ಮೆತ್ತಗಿರುತ್ತದೆ ಎಂದು ಓಣಿಯ ಹೆಂಗಸರು ಸಮಾಧಾನ ಹೇಳಿದರು. ನಿಜವಾದ ಕಾರಣ ನನಗೊಬ್ಬನಿಗೇ ಗೊತ್ತಿತ್ತು.

ಅಲ್ಲಿಂದ ಬೇಟೆ ಶುರುವಾಯಿತು. ಜಮಖಂಡಿಯ ವಕೀಲರೊಬ್ಬರ ಅಟ್ಟದಿಂದ ಒಂದು ಬಂತು, ರಬಕವಿಯ ಸೀರೆ ಅಂಗಡಿಯಿಂದ ಇನ್ನೊಂದು. ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳನ್ನು ಅವಳು ಹಪ್ಪಳ ಎನ್ನುತ್ತಾಳೆ. ಹಳೆಯದರ ಮುಚ್ಚಳದ ಕೊಂಡಿ ಟಕ್ ಎಂದರೆ ಸಾಕು, ಮುಖವೆಲ್ಲ ನಗು. ನನ್ನ ಕಡೆ ನೋಡಿ ಅವಳು ಹಾಗೆ ನಕ್ಕ ನೆನಪಿಲ್ಲ. ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ, ಮೂರೂವರೆ ಕಿಲೋ ಹೊತ್ತು ನೂಕುನುಗ್ಗಲಿನಲ್ಲಿ ಬಸ್ಸು ಹತ್ತಲು ನಾನೇ ಸರಿ ಎಂದು ತೀರ್ಮಾನವಾಗಿತ್ತು. ಬೈದುಕೊಳ್ಳುತ್ತಲೇ ಹೊತ್ತೆ. ನಾಲ್ಕನೆಯದು ಬರುವ ಹೊತ್ತಿಗೆ ನಾನೂ ಕದ್ದು ಕೊಂಡಿಯ ಸದ್ದು ಕೇಳತೊಡಗಿದ್ದೆ.

ಆದರೆ ಆ ಕೆಂಪು ಗುಂಡಿಯ ಕರಿಯ ಮಾದರಿ ಮಾತ್ರ ಹದಿನೈದು ವರ್ಷ ಹುಡುಕಿದರೂ ಸಿಗಲಿಲ್ಲ. ಕಳೆದ ದೀಪಾವಳಿಯ ನಂತರ ಅದು ಬೀಳಗಿಯ ಶಂಕ್ರೆವ್ವನ ಮನೆಯಲ್ಲಿದೆ ಎಂದು ತಿಳಿಯಿತು. ಎಪ್ಪತ್ತರ ಹೆಂಗಸು. ಮದುವೆಗಳ ಫೋಟೊ ತೆಗೆಯುತ್ತಿದ್ದ ಅವಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು, ಲ್ಯಾಪ್‌ಟಾಪು ಅವನದು. ಅವಳೀಗ ಬನಹಟ್ಟಿಯ ಮಗಳು ನೇತ್ರಾಳ ಮನೆಗೆ ಹೊರಟು ನಿಂತಿದ್ದಳು. ಅಲ್ಲಿ ಪಡಸಾಲೆಯಲ್ಲೇ ಪವರ್‌ಲೂಮುಗಳು, ಮೂಗಿಗೂ ಬಾಯಿಗೂ ನೂಲಿನ ಧೂಳು. ಆ ಧೂಳಿನಲ್ಲಿ ಗಂಡನ ಲ್ಯಾಪ್‌ಟಾಪು ಬಾಳುವುದಿಲ್ಲ ಎಂಬುದೇ ಅವಳ ಚಿಂತೆ.

ಮರುದಿನವೇ ಬೀಳಗಿಗೆ ಹೋದೆವು. ಶಂಕ್ರೆವ್ವ ಅದನ್ನು ತೆರೆದಿಟ್ಟಳು. ದಾನಮ್ಮ ಕೆಂಪು ಗುಂಡಿಯ ಮೇಲೆ ಬೆರಳಿಟ್ಟವಳು ತೆಗೆಯಲೇ ಇಲ್ಲ. ನಾನು ಬೆಲೆಯ ಮಾತೆತ್ತಿದರೆ ಶಂಕ್ರೆವ್ವ ಕೇಳಿಸಿಕೊಳ್ಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು: "ನಿಮ್ಮ ಮನ್ಯಾಗ ಇಂಥವು ಬ್ಯಾರೆ ಅದಾವೇನ್ರಿ?"

ಸವತಿಯರಿರುವ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಒಂದೂ ಇಲ್ಲ ಎಂದು ದಾನಮ್ಮ ಹಸಿ ಸುಳ್ಳು ಹೇಳಿದಳು. ನನಗೆ ಚಹಾ ನೆತ್ತಿಗೇರಿತು. ಶಂಕ್ರೆವ್ವನ ಮುಖ ಬಿಗಿಯಾಯಿತು. ಮನೆ ನೋಡದೆ ಮಾತು ಕೊಡಲಾರೆ, ಭಾನುವಾರ ಮಗಳ ಜೊತೆ ಬರುತ್ತೇನೆ ಎಂದಳು.

ಭಾನುವಾರ ನಸುಕಿನಲ್ಲೇ ಬಚ್ಚಿಡುವ ಕೆಲಸ ಹಿಡಿದೆವು. ಮೂರು ಲ್ಯಾಪ್‌ಟಾಪುಗಳು ಕೌದಿಗಳ ಮಡಿಕೆಯೊಳಗೆ ಹೋದವು, ಎರಡು ದೇವರ ಜಗಲಿಯ ಹಿಂದೆ, ಒಂದು ಹಳೆಯ ಸೀರೆ ಸುತ್ತಿಕೊಂಡು ಜೋಳದ ಬ್ಯಾರಲ್ಲಿನೊಳಗೆ. ಉಳಿದವನ್ನು ಅವಳು ಎಲ್ಲಿ ತುರುಕಿದಳೋ ನನಗೂ ತಿಳಿಯಲಿಲ್ಲ. ಕಳ್ಳಮಾಲು ಅಡಗಿಸುವವರ ಹಾಗೆ ಇಬ್ಬರೂ ಬೆವರುತ್ತ, ಬಿದ್ದು ಬಿದ್ದು ನಗುತ್ತ ಓಡಾಡಿದೆವು. ಮದುವೆಯಾದಾಗಿನಿಂದ ಅಷ್ಟು ನಕ್ಕಿರಲಿಲ್ಲ.

ಶಂಕ್ರೆವ್ವ, ನೇತ್ರಾ ಬಂದರು. ಸುಸಲಾ, ಮಿರ್ಚಿ ತಿಂದರು. ಇರುವೆ ಕಾಟ ಉಂಟೇ, ಮಾಳಿಗೆ ಸೋರುತ್ತದೆಯೇ, ಕರೆಂಟು ಏರಿಳಿಯುತ್ತದೆಯೇ ಎಂದೆಲ್ಲ ಶಂಕ್ರೆವ್ವ ವಿಚಾರಿಸಿದಳು. ನಾನು ಕುಡಿಯುತ್ತೇನೆಯೇ ಎಂದು ನನ್ನನ್ನೇ ಕೇಳಿದಳು. ಎಲ್ಲದರಲ್ಲೂ ಪಾಸಾದೆವು, ಆದರೂ ಅವಳ ಮುಖ ಅರಳಲಿಲ್ಲ. ಹೊರಡುವ ಮುನ್ನ ಎದ್ದು ನೇರ ಅಡುಗೆಮನೆಗೆ ನಡೆದಳು.

ನಮ್ಮ ಕಡೆ ಹೆಣ್ಣಿನವರು ಮನೆ ನೋಡಲು ಬಂದರೆ ಕಾಳುಕಡಿ ನೋಡದೆ ಹೋಗುವವರಲ್ಲ. ಇಲ್ಲೇ ಹುಟ್ಟಿ ಬೆಳೆದ ನಾವಿಬ್ಬರೂ ಅದೊಂದನ್ನು ಮರೆತಿದ್ದೆವು! ಶಂಕ್ರೆವ್ವ ಬ್ಯಾರಲ್ಲಿನ ಮುಚ್ಚಳ ತೆಗೆದಳು. ಜೋಳ ಎಷ್ಟು ಆಳ ಇದೆ ಎಂದು ನೋಡಲು ಮೊಣಕೈವರೆಗೆ ಕೈ ಹಾಕಿದಳು. ಕೈಗೆ ಸೀರೆಯ ಸೆರಗು ಸಿಕ್ಕಿತು. ಎಳೆದಳು.

ಸೀರೆಯಿಂದ ಲ್ಯಾಪ್‌ಟಾಪು ಹೊರಬಿತ್ತು. ದಾನಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದು ಕುಳಿತಳು. ಇಷ್ಟು ವರ್ಷದ ಆಸೆ ಜೋಳದ ಧೂಳಿನಲ್ಲಿ ಮುಗಿಯಿತು ಎಂದುಕೊಂಡೆ.

"ಸುಳ್ಳು ಹೇಳಿದೆ ಅವ್ವಾರ," ಎಂದಳು ದಾನಮ್ಮ. "ಒಂದಲ್ಲ, ಹನ್ನೊಂದ ಅದಾವು."

ಶಂಕ್ರೆವ್ವ ಲ್ಯಾಪ್‌ಟಾಪಿಗೆ ಅಂಟಿದ ಕಾಳುಗಳನ್ನು ಒಂದೊಂದಾಗಿ ಕೊಡವಿದಳು. ಆಮೇಲೆ ತಾನೂ ಅವಳ ಪಕ್ಕದಲ್ಲಿ ಕುಳಿತಳು.

"ಹುಚ್ಚಿ, ಮೊದಲ ಹೇಳಬಾರದೇನ ಯವ್ವಾ? ಒಂದೂ ಇಲ್ಲ ಅಂದಿ, ನನ್ನ ಎದಿ ಧಸಕ್ ಅಂತು. ಒಂಟಿ ಮನಿಗೆ ಹೆಂಗ ಕೊಡ್ಲಿ? ನಾಳೆ ಕೆಟ್ಟು ನಿಂತು ಒಂದು ಸ್ಕ್ರೂ ಬೇಕಾದ್ರ ಅದು ಯಾರನ್ನ ಕೇಳಬೇಕು? ಕೊಡೂದಿಲ್ಲ ಅಂತ ಹೇಳಾಕ ಬಂದಿದ್ದೆ ನಾ."

ಅಲ್ಲಿಗೆ ನಮ್ಮ ಮನೆ ಮದುವೆಮನೆಯಾಯಿತು. ಕೌದಿಯೊಳಗಿನವು ಬಂದವು, ಜಗಲಿಯ ಹಿಂದಿನವು ಬಂದವು, ನೀರಿಲ್ಲದ ಹಂಡೆಯೊಳಗಿಂದ ಎರಡು ಎದ್ದವು. ನೇತ್ರಾ ಪಕ್ಕದ ಮನೆಯಿಂದ ವಾಯರ್ ಬೋರ್ಡು ತಂದಳು. ಹನ್ನೊಂದನ್ನೂ ಸಾಲಾಗಿಟ್ಟು ಸ್ವಿಚ್ ಹಾಕಿದೆವು. ಒಂದು ಗುರ್ ಎಂದಿತು, ಒಂದು ಕುಂಯ್ ಎಂದಿತು, ಇನ್ನೊಂದು ಕೆಮ್ಮಿ ಕೆಮ್ಮಿ ಎದ್ದಿತು. ಒಂಬತ್ತು ಬೆಳಗಿದವು. ಹತ್ತನೆಯದು ಏಳುವಷ್ಟರಲ್ಲಿ ಫ್ಯೂಸು ಹಾರಿ ಇಡೀ ಮನೆ ಕತ್ತಲಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶಂಕ್ರೆವ್ವ.

ಮುಂದಿನ ಸೋಮವಾರ ಬೀಳಗಿಗೆ ಹೋದೆವು. ಶಂಕ್ರೆವ್ವ ಲ್ಯಾಪ್‌ಟಾಪನ್ನು ಮಣೆಯ ಮೇಲೆ ಇಟ್ಟು ಉಡಿ ತುಂಬಿದಳು: ಅಕ್ಕಿ, ಒಣಕೊಬ್ಬರಿ, ಅರಿಸಿನ ಕೊನೆ, ಕುಪ್ಪಸಕ್ಕೆ ಹಸಿರು ಖಣ. ಅಕ್ಕಿ ಕೀಲಿಯೊಳಗೆ ಇಳಿದೀತೆಂದು ದಾನಮ್ಮ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನೇತ್ರಾಳಿಗೂ ಅಷ್ಟೇ.

ಶಂಕ್ರೆವ್ವ ಮಾತ್ರ ನಗಲಿಲ್ಲ. ಅದನ್ನೆತ್ತಿ ದಾನಮ್ಮನ ಕೈಗಿತ್ತಳು, ಆದರೆ ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡೇ ನಿಂತರು.

"ನಮ್ಮ ಹುಡುಗಿ ಭಾಳ ನಿಧಾನ ಯವ್ವಾ," ಎಂದಳು. "ಏಳಾಕ ಹೊತ್ತು ಹಿಡೀತೈತಿ. ಬೈಬ್ಯಾಡ."

"ನಮ್ಮ ಮನ್ಯಾಗ ಯಾರಿಗೂ ಅವಸರ ಇಲ್ರಿ ಅವ್ವಾರ," ಎಂದಳು ದಾನಮ್ಮ.

ಆಗ ಶಂಕ್ರೆವ್ವ ಕೈ ಬಿಟ್ಟಳು.